ಬಹುಮಾನದ ಕೂಸು

ಬನಹಟ್ಟಿಯಲ್ಲಿ ದೇವರು ಒಮ್ಮೊಮ್ಮೆ ತಪ್ಪಿದರೂ ಮಲಕಾಜಪ್ಪನ ತಕ್ಕಡಿ ತಪ್ಪುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಮೊದಲು ಆಡಿದವನು ಮಲಕಾಜಪ್ಪನೇ. ಆದರೆ ಒಂದೇ ಮಾತನ್ನು ಮೂವತ್ತು ವರ್ಷ ಬಿಡದೆ ಹೇಳಿದರೆ ಅದು ಊರಿನ ಮಾತಾಗಿಬಿಡುತ್ತದೆ.

ಜಮಖಂಡಿ ಸಂಸ್ಥಾನದ ಕಾಲ. ತೇರದಾಳದ ಜಿನದತ್ತಪ್ಪನವರು ಬನಹಟ್ಟಿ ಪೇಟೆಯಲ್ಲಿ ನೂಲಿನ ಅಂಗಡಿ ಇಟ್ಟಿದ್ದರು. ಮಲಕಾಜಪ್ಪ ಅಲ್ಲಿಯ ತೂಕದವನು. ಜನ ಮಾರಲು ತಂದ, ನೇಕಾರರು ಮಿಕ್ಕಿ ತಿರುಗಿ ತಂದ ನೂಲಿನ ಲಡಿಯನ್ನು ತಕ್ಕಡಿಗೆ ಹಾಕುವ ಮೊದಲು ಅವನು ಬಲಗೈ ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ ಬಿಡುತ್ತಿದ್ದ. ಒಣ ನೂಲಾದರೆ ಒತ್ತಿದ ಜಾಗ ತಟ್ಟನೆ ಎದ್ದು ನಿಲ್ಲುತ್ತದೆ. ತೂಕ ಹೆಚ್ಚಲೆಂದು ಯಾರಾದರೂ ನೀರು ಚಿಮುಕಿಸಿದ್ದರೆ ತಗ್ಗು ಹಾಗೇ ಉಳಿಯುತ್ತದೆ. "ಇದು ನೂಲಲ್ಲೋ ತಮ್ಮಾ, ಕೃಷ್ಣಾ ಹೊಳಿ" ಎಂದು ಅವನು ಲಡಿಯನ್ನು ತಿರುಗಿ ಎಸೆದನೆಂದರೆ ಆ ಮನುಷ್ಯ ಆರು ತಿಂಗಳು ಪೇಟೆಯಲ್ಲಿ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಹೇಳಿದ ತೂಕವನ್ನು ಮಲಕಾಜಪ್ಪ ಎಂದೂ ಹಿಂದೆ ತೆಗೆದುಕೊಂಡವನಲ್ಲ. ಇದನ್ನೂ ಅವನೇ ಹೇಳುತ್ತಿದ್ದ.

ಅವನಿಗೂ ಹೆಂಡತಿ ಸಾವಕ್ಕನಿಗೂ ಮಕ್ಕಳಿರಲಿಲ್ಲ. ಹೀಗಾಗಿ ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದು ಅವನಿಗೆ ಪೂರ್ತಿ ಗೊತ್ತಿತ್ತು. ಸಂಜೆ ಅಂಗಡಿಯಿಂದ ಮನೆಗೆ ಬರುವಾಗ ಓಣಿಯ ಒಂದೊಂದು ಕಟ್ಟೆಯ ಮುಂದೆ ನಿಂತು, ಆಡುವ ಕೂಸಿನ ತೋಳು ಹಿಡಿದು, ಕೆನ್ನೆ ಹಿಂಡಿ, ತಾಯಿಯನ್ನು ಹೊರಗೆ ಕರೆಸುತ್ತಿದ್ದ.

"ಇದಕೇನ್ ತಿನಸಾಕತ್ತೀಯವ್ವಾ? ಗಾಳೀನ?"

ಆಮೇಲೆ ತನ್ನ ಸಿದ್ಧಾಂತ. ನೇಕಾರರು ಎಳೆಗಳನ್ನು ಮಗ್ಗಕ್ಕೆ ಏರಿಸುವ ಮೊದಲು ಅವಕ್ಕೆ ಹಿಟ್ಟಿನ ಗಂಜಿ ಬಳಿಯುತ್ತಾರೆ. "ಗಂಜಿ ಕುಡದ ಎಳಿ ಹರಿಯೂದಿಲ್ಲ. ಎಳಿಗಿ ಆಗೂದು ಎಲಬಿಗಿ ಆಗೂದಿಲ್ಲೇನು? ಬೆಳ್ಳಗ ಕುಡಿಸ್ರಿ, ಬೆಳ್ಳಗ ಬೆಳಿತೈತಿ. ಕಾಳು ಕಡಿ ಕೊಟ್ಟು ಕೂಸಿನ ಹೊಟ್ಟೀನ ಬೀಸೂ ಕಲ್ಲ ಮಾಡಬ್ಯಾಡ್ರಿ." ಹೆಂಗಸರು ಸೆರಗಿನೊಳಗೆ ನಗುತ್ತಿದ್ದರು. ಆದರೆ ತಕ್ಕಡಿ ಹಿಡಿದವನ ಮಾತು. ಒಂದಿಬ್ಬರು ನಂಬುತ್ತಲೂ ಇದ್ದರು. ಹಾಗೆ ನಂಬಿದವರು ಎದುರು ಮನೆಯ ಸಿದರಾಯ, ಅವನ ಹೆಂಡತಿ ಬನಶಂಕರಿ.

ಅವರ ಮೊದಲ ಮಗ ನೀಲಕಂಠನಿಗೆ ಒಂದೂವರೆ ವರ್ಷ. ಅಷ್ಟರಲ್ಲಿ ತೊಟ್ಟಿಲಿಗೆ ಇನ್ನೊಂದು ಬಂದಿತ್ತು, ಮೊಲೆಹಾಲು ಅದಕ್ಕೆ ಹೋಯಿತು. ಬನಶಂಕರಿ ಹಗಲೆಲ್ಲ ಗಂಡನ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತಬೇಕು. ಗಂಜಿಯಂತೂ ಬೆಳಗಾದರೆ ಒಲೆಯ ಮೇಲೆ ಇದ್ದೇ ಇರುತ್ತಿತ್ತು. ಎಳೆಗೆ ಒಂದು ಪಾಲು, ನೀಲ್ಯಾಗೆ ಒಂದು ಪಾಲು. ಮೂರು ಹೊತ್ತೂ ಅದೇ.

ಒಂದು ಶ್ರಾವಣದಲ್ಲಿ ಜಮಖಂಡಿಯಿಂದ ಹುಕುಂ ಬಂತು: ಕೂಸುಗಳ ಪ್ರದರ್ಶನ ನಡೆಸಬೇಕು, ಎರಡು ವರ್ಷದೊಳಗಿನ ಸದೃಢ ಕೂಸಿಗೆ ಬೆಳ್ಳಿ ಬಟ್ಟಲು ಬಹುಮಾನ. ಪರೀಕ್ಷೆಗೆ ಬರಬೇಕಿದ್ದ ಡಾಕ್ಟರರು ಜ್ವರ ಬಂದು ಮಲಗಿದರು. ತೂಗಲು ಜಿನದತ್ತಪ್ಪನವರ ತಕ್ಕಡಿ ತರಿಸಿದ್ದರು. ತಕ್ಕಡಿಯ ಹಿಂದೆಯೇ ಮಲಕಾಜಪ್ಪ ಬಂದ. ಡಾಕ್ಟರರ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿ ಕಂಡು ಸುಮ್ಮನೆ ನಿಲ್ಲುವ ಶಕ್ತಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ರುಮಾಲು ಸರಿಮಾಡಿಕೊಂಡು ಕೂತ.

ಊರಂಚಿನಲ್ಲಿ ನಾಲ್ಕು ಆಡು ಕಟ್ಟಿಕೊಂಡಿದ್ದ ಲಗಮವ್ವ ತನ್ನ ಮಗಳನ್ನು ತಂದಳು. ಕಪ್ಪು ಕೂಸು, ಕಡ್ಡಿಯಂಥ ಕಾಲು. ತಕ್ಕಡಿಯ ಪರಡಿಯಲ್ಲಿ ಕೂರಿಸಿದ್ದೇ ತಡ, ಸರಪಳಿ ಹಿಡಿದು ಜಗ್ಗಾಡಿ, ಮಲಕಾಜಪ್ಪನ ಮೀಸೆಗೆ ಕೈ ಹಾಕಿತು.

"ಹದಿನೆಂಟು ರತ್ತಲು!" ಮಲಕಾಜಪ್ಪ ಮೀಸೆ ಬಿಡಿಸಿಕೊಂಡು ಕೂಗಿದ. "ಏನ ಹಾಕ್ತೀಬೇ ಇದಕ?"

"ನಾವ್ ಉಂಡದ್ದ ಉಣತೈತ್ರಿ. ನುಚ್ಚು, ಹೆಸರಕಾಳು, ಶೇಂಗಾ ಅರದು. ಮ್ಯಾಲ ಆಡಿನ ಹಾಲು."

"ಆಡಿನ ಹಾಲು ಕುಡದ್ರ ಆಡಿನಂಗ ಜಿಗದಾಡೂದ ಮತ್ತ!"

"ಜಿಗದಾಡ್ಲಿ ಬಿಡ್ರಿ. ಈ ವಯಸ್ಸಿನ್ಯಾಗ ಅದು ಜಿಗೀಲಿಲ್ಲಂದ್ರ, ನೀವು ಜಿಗೀತೀರೇನು?"

ಜನ ನಕ್ಕರು. ಮಲಕಾಜಪ್ಪ ನಗಲಿಲ್ಲ. "ಕೂಸಿನ ಬಾಯಿಗೆ ಕಾಳು ಹಾಕೂ ತಾಯಿ ತಾಯಿ ಅಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟ. ಲಗಮವ್ವ ಮಗಳನ್ನು ಸೊಂಟಕ್ಕೇರಿಸಿಕೊಂಡು ಪಕ್ಕಕ್ಕೆ ನಿಂತಳು.

ಕೊನೆಗೆ ನೀಲಕಂಠ ಬಂದ. ದುಂಡು ಮುಖ, ತುಂಬಿದ ಕೆನ್ನೆ, ದಪ್ಪ ಪಾದ. ಕೂದಲು ಇತ್ತೀಚೆಗೆ ಕೆಂಚಗೆ ತಿರುಗಿತ್ತು. ಓಣಿಯವರು "ಸಾಹೇಬರ ಕೂಸು" ಎನ್ನುತ್ತಿದ್ದರು. ಪರಡಿಯಲ್ಲಿ ಇಟ್ಟರೆ ಇಟ್ಟಲ್ಲೇ ಕೂತಿತು. ಅಳಲಿಲ್ಲ, ಸರಪಳಿ ಹಿಡಿಯಲಿಲ್ಲ, ಯಾರನ್ನೂ ನೋಡಲಿಲ್ಲ.

"ಇದಕ್ಕಂತಾರ ಶಾಣ್ಯಾ ಕೂಸು!" ಮಲಕಾಜಪ್ಪ ಎದ್ದು ನಿಂತ. "ಇಪ್ಪತ್ನಾಕು ರತ್ತಲು! ನೋಡಿ ಕಲೀರಿ!"

ಬೆಳ್ಳಿ ಬಟ್ಟಲು ಸಿದರಾಯನ ಕೈಗೆ ಬಂತು. ಶ್ರಾವಣದ ಬಾಲಕೃಷ್ಣನೆಂದು ಮಲಕಾಜಪ್ಪ ಕೂಸಿನ ಪಾದಕ್ಕೆ ಹೆಬ್ಬೆಟ್ಟಿನಿಂದ ಕುಂಕುಮ ಒತ್ತಿ, ಭಾಷಣ ಸುರು ಮಾಡಿದ. ಗಂಜಿಯ ಮಹಿಮೆಯ ನಡುವೆ ಒಮ್ಮೆ ಕೆಳಗೆ ನೋಡಿದ. ಪಾದದ ಮೇಲೆ ಅವನ ಹೆಬ್ಬೆಟ್ಟು ಒತ್ತಿದಲ್ಲಿ ತಗ್ಗು ಹಾಗೇ ಇತ್ತು. ತಗ್ಗಿನ ತಳದಲ್ಲಿ ಕುಂಕುಮ.

ಅವನ ಕೈಗೆ ಅದು ತಕ್ಷಣ ಗೊತ್ತಾಯಿತು. ಬಾಯಿ ಮಾತ್ರ ಇನ್ನೂ ಕಾಲು ತಾಸು ಮಾತಾಡಿತು.

ಮರುದಿನದಿಂದ ಓಣಿಯ ಒಲೆಗಳ ಮೇಲೆ ಗಂಜಿಯ ಗಡಿಗೆ ದೊಡ್ಡದಾಯಿತು. ಸಾವಕ್ಕ ಬಾವಿಯಿಂದ ಕೊಡ ಹೊತ್ತು ಬಂದವಳು ಕೊಡ ಇಳಿಸದೆಯೇ ಹೇಳಿದಳು.

"ಲಗಮವ್ವ ಸಿಕ್ಕಿದ್ಳು. ಅಕಿ ಮೊದಲನೇ ಕೂಸೂ ಹಿಂಗ ತುಂಬಿಕೊಂಡಿತ್ತಂತ. ಹಿಂಗ ಕೆಂಚಗೂದಲ, ಹಿಂಗ ಗಪ್‌ಚಿಪ್. ಶ್ರಾವಣದಾಗ ತುಂಬಿತ್ತಂತ, ಸೀಗಿ ಹುಣ್ಣಿವಿಗೆ ಹೋತಂತ. ಅದಕ್ಕ ಎರಡನೇದಕ್ಕ ಕಾಳು, ಹಾಲು ಹಾಕಾಕತ್ತೇನಿ ಅಂದ್ಳು."

"ಹೊಟ್ಟಿಕಿಚ್ಚು" ಎಂದ ಮಲಕಾಜಪ್ಪ.

"ಅಕಿ ಅಳಾಕತ್ತಿದ್ಳು" ಎಂದಳು ಸಾವಕ್ಕ. "ಹೊಟ್ಟಿಕಿಚ್ಚಿಗೆ ಯಾರ ಅಳತಾರ?"

ಎಂಟು ದಿನ ಮಲಕಾಜಪ್ಪ ಎದುರು ಮನೆಯ ಕಡೆ ಬೆನ್ನು ಮಾಡಿ ಚಪ್ಪಲಿ ಮೆಟ್ಟಿದ. ಒಂಬತ್ತನೆಯ ದಿನ, ಸಿದರಾಯ ಸೀರೆ ಕೊಡಲು ರಬಕವಿಗೆ ಹೋದದ್ದನ್ನು ನೋಡಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಹಿತ್ತಲ ಬಾಗಿಲಿಗೆ ಹೋದ. ಬನಶಂಕರಿ ಗಾಬರಿಯಾಗಿ ಸೆರಗು ಹೊದ್ದುಕೊಂಡಳು. ಗೋಡೆಯ ಗೂಡಿನಲ್ಲಿ ಬೆಳ್ಳಿ ಬಟ್ಟಲಿಗೆ ಹೂ ಏರಿಸಿದ್ದರು. ಕೆಳಗೆ ಚಾಪೆಯ ಮೇಲೆ ನೀಲ್ಯಾ ಕೂತಿತ್ತು. ಮೂಗಿನ ಮೇಲೆ ನೊಣ ಕೂತಿತ್ತು. ಅದನ್ನು ಹೊಡೆಯಲೂ ಕೈ ಎತ್ತಲಿಲ್ಲ.

ಮಲಕಾಜಪ್ಪ ಕೂಸಿನ ಪಾದ ಒತ್ತಿದ, ಬಿಟ್ಟ. ಇಬ್ಬರೂ ನೋಡುತ್ತ ನಿಂತರು. ತಗ್ಗು ಏಳಲಿಲ್ಲ.

"ಇದೇನ್ರಿ ಕಾಕಾ?"

"ನೀರು" ಎಂದ. ಆ ಒಂದು ಶಬ್ದಕ್ಕೆ ಅವನಿಗೆ ಬೆವರು ಬಂತು. "ಗಂಜಿ ಬಿಡು. ಆ ಲಗಮವ್ವ ಏನ್ ಹಾಕ್ತಾಳಲ್ಲ, ಅದನ್ನ ಹಾಕು. ಹಾಲು, ಹೆಸರಕಾಳಿನ ಕಟ್ಟು, ಶೇಂಗಾ. ಇಲ್ಲಂದ್ರ ಕೂಸು ಉಳಿಯೂದಿಲ್ಲ."

ಬನಶಂಕರಿ ನೊಣ ಓಡಿಸಿ ಕೂಸನ್ನು ಎತ್ತಿಕೊಂಡಳು.

"ಆದ್ರ ನಾ ಹೇಳೇನಿ ಅಂತ ಹೇಳಬ್ಯಾಡವ್ವಾ" ಎಂದು ಬಾಗಿಲಲ್ಲಿ ತಿರುಗಿ ಸೇರಿಸಿದ. "ಮಂದಿ ತಪ್ಪ ತಿಳೀತಾರ."

ಆಕೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಲಗಮವ್ವನ ಮನೆಯಿಂದ ದಿನಾ ಒಂದು ತಂಬಿಗೆ ಆಡಿನ ಹಾಲು ಸೆರಗಿನ ಮರೆಯಲ್ಲಿ ಬರತೊಡಗಿತು.

ಹತ್ತು ಹನ್ನೆರಡು ದಿನಗಳಲ್ಲಿ ನೀಲ್ಯಾ ಇಳಿದುಹೋದ. ದುಂಡು ಮುಖ ಕರಗಿ ದವಡೆ ಕಂಡಿತು, ಪಾದದ ಗಂಟುಗಳು ಕಂಡವು, ಕಾಲು ಲಗಮವ್ವನ ಮಗಳ ಕಾಲಿನಂತಾಯಿತು. ಮತ್ತು ಕೂಸು ಅಳತೊಡಗಿತು. ಹಾಲಿನ ತಂಬಿಗೆ ಕಂಡರೆ ಕಿರುಚುತ್ತಿತ್ತು, ಮುಗಿದರೆ ತಂಬಿಗೆಯನ್ನು ಒಗೆಯುತ್ತಿತ್ತು. ಒಂದು ಮಧ್ಯಾಹ್ನ ತೆವಳಿಕೊಂಡು ಹೋಗಿ ಅಪ್ಪನ ಮಗ್ಗದ ಎಳೆಗಳನ್ನು ಜಗ್ಗಿ ಹರಿಯಿತು. ಆ ದಿನ ಬನಶಂಕರಿ ಮಗನಿಗೆ ಒಂದು ಪೆಟ್ಟು ಕೊಟ್ಟು, ಒಳಗೆ ಹೋಗಿ ಒಬ್ಬಳೇ ನಕ್ಕಳು.

ಓಣಿ ನಗಲಿಲ್ಲ. ಬೆಳ್ಳಿ ಬಟ್ಟಲಿನ ಕೂಸು ಓಣಿಯ ಸ್ವತ್ತು.

"ಅಯ್ಯ, ಏನ ಇತ್ತು, ಏನ ಆತು! ಸಾಹೇಬರಂಗಿದ್ದ ಕೂಸನ್ನ ಆಡ ಮಾಡಿ ಕುಂದ್ರಿಸ್ಯಾಳ."

"ಹಗಲೆಲ್ಲಾ ಅಳತೈತಿ. ಹಸಗೊಂಡ ಅಳತೈತೋ ಏನೋ."

"ಸಣ್ಣದು ಬಂತಲ್ಲ, ದೊಡ್ಡದು ಬ್ಯಾಡಾತು ಅಕಿಗೆ."

ಮಾತು ಸಿದರಾಯನ ಮಗ್ಗದ ತನಕ ಬಂತು. ಅವನು ಹೆಂಡತಿಯನ್ನು ಕೇಳಿದ, ಬೈದ. ಆಕೆ "ಕೂಸಿಗೆ ಛಲೋ ಆಗಾಕತ್ತೈತ್ರಿ" ಎಂದಷ್ಟೇ ಹೇಳಿದಳು. ಯಾರು ಹೇಳಿದರೆಂದು ಕೇಳಿದರೆ ಬಾಯಿ ಮುಚ್ಚಿದಳು. ಕೊನೆಗೆ ಅವನು ಕೂಸನ್ನೆತ್ತಿಕೊಂಡು, ಹೆಂಡತಿಯನ್ನು ಹಿಂದೆ ನಡೆಸಿಕೊಂಡು, ನಡುಹಗಲು ನೂಲಿನ ಅಂಗಡಿಗೆ ಬಂದ. ಪೇಟೆ ತುಂಬಿತ್ತು.

"ಕಾಕಾ, ತೂಕ ಮಾಡ್ರಿ. ನೀವ್ ಹೇಳಿದ್ದ ಖರೆ. ಅಕಿ ನನ್ನ ಮಾತು ಕೇಳವಲ್ಲಳು."

ನೀಲ್ಯಾ ಪರಡಿಯಲ್ಲಿ ಕೂರಲು ಒಪ್ಪಲಿಲ್ಲ. ಸರಪಳಿ ಹಿಡಿದು ಜಗ್ಗಿದ, ಕಾಲು ಝಾಡಿಸಿದ, ಮಲಕಾಜಪ್ಪನ ಮೀಸೆಗೆ ಕೈ ಹಾಕಿದ. ಮುಳ್ಳು ನಿಂತಿತು.

"ಹತ್ತೊಂಬತ್ತು" ಎಂದ ಮಲಕಾಜಪ್ಪ.

ಬಣ್ಣದಂಗಡಿಯ ಧರೆಪ್ಪ ಬಾಯಲ್ಲಿಯ ಎಲೆಯಡಿಕೆ ಉಗುಳಿ ಬಂದ. "ಇಪ್ಪತ್ನಾಕು ಇದ್ದದ್ದು ಹತ್ತೊಂಬತ್ತು! ಐದು ರತ್ತಲು ಎಲ್ಲಿ ಹೋತೋ ಮಲಕಾಜಪ್ಪಾ? ನಿನ್ನ ತಕ್ಕಡಿ ತಿಂತೇನು?"

ನೂಲಿನ ಪೇಟೆಯಲ್ಲಿ ಈ ಪ್ರಶ್ನೆಗೆ ಇರುವುದು ಎರಡೇ ಉತ್ತರ. ಒಂದು, ಯಾರೋ ಕದ್ದರು. ಇನ್ನೊಂದು, ನೀರು ಆರಿತು. ಎರಡನೆಯದು ಖರೆ ಎಂದು ಅಲ್ಲಿದ್ದವರಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಹೊಸ್ತಿಲ ಹೊರಗೆ ಸೆರಗು ಹಿಡಿದು ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನೊಬ್ಬ ತಕ್ಕಡಿ ಹಿಡಿದಿದ್ದ. ನೀರು ಆರಿತು ಎಂದು ಹೇಳಿದರೆ, ಊರೆಲ್ಲ ಸೇರಿದ ದಿನ ಮಲಕಾಜಪ್ಪ ತೂಗಿದ್ದು ನೀರನ್ನು ಎಂದಾಗುತ್ತದೆ. ಮೂವತ್ತು ವರ್ಷ ಜನರ ಮುಖದ ಮೇಲೆ ಒದ್ದೆ ಲಡಿ ಎಸೆದವನು ಒದ್ದೆ ಲಡಿಗೆ ಬೆಳ್ಳಿ ಬಟ್ಟಲು ಕೊಟ್ಟ ಎಂದಾಗುತ್ತದೆ. ಧರೆಪ್ಪನ ಮುಖದಲ್ಲಿ ನಗು ಆಗಲೇ ತಯಾರಾಗಿ ಕಾಯುತ್ತಿತ್ತು.

ಮಲಕಾಜಪ್ಪ ಕೆಮ್ಮಿದ. ರುಮಾಲು ಸರಿಮಾಡಿಕೊಂಡ.

"ತೂಕ ಕಡಿಮಿ ಐತಿ" ಎಂದ.

ಅದು ಸುಳ್ಳಲ್ಲ. ಹತ್ತೊಂಬತ್ತು ಇಪ್ಪತ್ನಾಲ್ಕಕ್ಕಿಂತ ಕಡಿಮೆಯೇ.

"ಕೇಳಿದ್ಯೇನ?" ಎಂದು ಸಿದರಾಯ ಹೆಂಡತಿಯ ಕಡೆ ತಿರುಗಿದ. ಆಕೆ ಹೇಳಬಹುದಿತ್ತು. 'ನೀವ ಬಂದು ಹೇಳಿದ್ರೆಲ್ಲ ಕಾಕಾ' ಎನ್ನಬಹುದಿತ್ತು. ಎಂದಿದ್ದರೆ, ಮಲಕಾಜಪ್ಪನ ಮಾತಿನ ಎದುರು ಆಕೆಯ ಮಾತನ್ನು ಯಾರು ನಂಬುತ್ತಿದ್ದರು? ಕೂಸನ್ನು ಎತ್ತಿಕೊಂಡು ನಡೆದಳು. ಅದು ಅವಳ ಹೆಗಲ ಮೇಲಿಂದ ತಕ್ಕಡಿಯ ಸರಪಳಿಗಾಗಿ ಕೈ ಚಾಚಿ ಅಳುತ್ತಲೇ ಹೋಯಿತು.

ಆ ಸಂಜೆಯೇ ಸಿದರಾಯ ಆಡಿನ ಹಾಲಿನ ತಂಬಿಗೆಯನ್ನು ಲಗಮವ್ವನ ಅಂಗಳಕ್ಕೆ ಒಗೆದು ಬಂದ. ಗಂಜಿಯನ್ನು ಈಗ ತಾನೇ ಕೂತು ಕುಡಿಸತೊಡಗಿದ. ಪ್ರೀತಿಯಿಂದಲೇ ಕುಡಿಸುತ್ತಿದ್ದ, ತೊಡೆಯ ಮೇಲೆ ಹಾಕಿಕೊಂಡು, ಬೆಳ್ಳಿ ಬಟ್ಟಲಿನಲ್ಲಿ.

ಸಾವಕ್ಕ ಗಂಡನಿಗೆ ಆ ವಿಷಯ ಹೇಳಿದಳು. ಅವನು ಉಣ್ಣುತ್ತಿದ್ದ. "ನಾಳೆ ಹೋಗಿ ಹೇಳ್ತೇನಿ" ಎಂದ. ನಾಳೆ ಅಮಾವಾಸ್ಯೆ ಇತ್ತು. ಆಮೇಲೆ ನವರಾತ್ರಿಯ ನೂಲಿನ ಗದ್ದಲ. ಆಮೇಲೆ, ಮೂರು ದಿನ ತಡವಾದದ್ದನ್ನು ಹೇಳುವುದಕ್ಕಿಂತ ಎಂಟು ದಿನ ತಡವಾದದ್ದನ್ನು ಹೇಳುವುದು ಕಷ್ಟವಾಯಿತು. ಸಾವಕ್ಕ ಅವನ ತಾಟಿಗೆ ರೊಟ್ಟಿ ಹಾಕುವಾಗ ಮುಖ ನೋಡುವುದನ್ನು ಬಿಟ್ಟಳು. ಎದುರು ಮನೆಯಿಂದ ಅಳುವ ಸದ್ದು ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಒಂದು ದಿನ ನಿಂತೇಹೋಯಿತು.

ಬನ್ನಿ ಹಬ್ಬದ ದಿನ ಸಿದರಾಯ ಹೊಸ ರುಮಾಲು ಸುತ್ತಿ, ಬನ್ನಿ ಎಲೆ ಹಿಡಿದು, ಹಿಂದೆ ಓಣಿಯ ಅರ್ಧ ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ.

"ಕಾಕಾ, ಬಂಗಾರ ತಗೊಂಡು ಬಂಗಾರದಂಗ ಇರೂಣು! ನಮ್ಮ ಕೂಸಿನ್ನ ನೋಡ್ರಿ, ಮತ್ತ ತುಂಬಿಕೊಂಡೈತಿ!"

ಬನಶಂಕರಿಯೇ ಮುಂದೆ ಬಂದು ಕೂಸನ್ನು ಪರಡಿಯಲ್ಲಿ ಇಟ್ಟಳು. ಇಟ್ಟಲ್ಲೇ ಕೂತಿತು. ದುಂಡು ಮುಖ, ಹೊಳೆಯುವ ಕೆನ್ನೆ, ಕಣ್ಣು ಮುಚ್ಚಿಹೋಗುವಷ್ಟು ತುಂಬಿದ ರೆಪ್ಪೆ. ಕೆಂಚಗೂದಲು ಬಿಸಿಲಿಗೆ ತಾಮ್ರದ ಹಾಗೆ ಕಂಡಿತು.

"ಎಷ್ಟ್ರೀ?" ಜನ ಕೂಗಿದರು.

"ಇಪ್ಪತ್ತೈದು" ಎಂದ ಮಲಕಾಜಪ್ಪ.

"ಒಂದು ರತ್ತಲು ಮ್ಯಾಲ!" ಧರೆಪ್ಪ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು, ಸಿದರಾಯ ಎಲ್ಲರಿಗೂ ಸಕ್ಕರೆ ಹಂಚಿದ. ಬನಶಂಕರಿ ತಕ್ಕಡಿಯ ಮುಳ್ಳಿನ ಕಡೆ ನೋಡಲೇ ಇಲ್ಲ. ಅವನ ಬಲಗೈಯನ್ನು ನೋಡುತ್ತಿದ್ದಳು. ಅವನು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಸೀಗಿ ಹುಣ್ಣಿಮೆಗೆ ಇನ್ನು ಐದು ದಿನ ಇತ್ತು. ಅದರಲ್ಲಿ ನಾಲ್ಕು ದಿನ ನೀಲಕಂಠ ಇದ್ದ.

ದೃಷ್ಟಿಯಾಯಿತು ಎಂದಿತು ಓಣಿ. ನಡುವೆ ಆ ತಾಯಿ ಉಪವಾಸ ಕೆಡವಿದ್ದಳಲ್ಲ, ಅದು ಒಳಗೇ ತಿಂದಿತು ಎಂದೂ ಅಂದಿತು. ತಮ್ಮ ಮಕ್ಕಳ ಗಂಜಿಯನ್ನು ಯಾರೂ ನಿಲ್ಲಿಸಲಿಲ್ಲ. ಆಗ ಮಲಕಾಜಪ್ಪ ಮನೆಮನೆಗೆ ಹೋಗಿ, ಕಟ್ಟೆಯ ಮುಂದೆ ನಿಂತು, "ಗಂಜಿ ಬ್ಯಾಡ್ರಿ, ಕಾಳು ಕೊಡ್ರಿ, ಹಾಲು ಕೊಡ್ರಿ" ಎನ್ನತೊಡಗಿದ. ಬಹುಮಾನದ ಕೂಸು ಹೋದ ದುಃಖಕ್ಕೆ ಮುದುಕನ ತಲೆ ಕೆಟ್ಟಿತು ಎಂದು ಹೆಂಗಸರು ಮರುಗಿದರು. ಅವನ ಕೈಗೆ ಕೂಸು ಕೊಡುವುದನ್ನು ಬಿಟ್ಟರು.

ಇನ್ನೂ ಎಂಟು ವರ್ಷ ಅವನು ನೂಲು ತೂಗಿದ. ತಕ್ಕಡಿ ತಪ್ಪುವುದಿಲ್ಲ ಎಂಬ ಮಾತನ್ನು ಅವನು ಬಿಟ್ಟರೂ ಊರು ಬಿಡಲಿಲ್ಲ. ಬನಶಂಕರಿಯೂ ಆಗಾಗ ಗಂಡನ ಬದಲು ಅಂಗಡಿಗೆ ಬರುತ್ತಿದ್ದಳು. ಮಗ್ಗಕ್ಕೆ ಮಿಕ್ಕ ಲಡಿಯನ್ನು ಅವನ ಮುಂದೆ ಇಟ್ಟು, ಅವನು ಮುಟ್ಟುವ ಮೊದಲು ತಾನೇ ಅದರ ಮೇಲೆ ಹೆಬ್ಬೆಟ್ಟು ಒತ್ತಿ, ಬಿಟ್ಟು, ಅವನ ಮುಖ ನೋಡುತ್ತಿದ್ದಳು. ಒಣ ನೂಲು ತಟ್ಟನೆ ಎದ್ದು ನಿಲ್ಲುತ್ತಿತ್ತು. ಆಮೇಲೆ ಅವನು ತೂಗುತ್ತಿದ್ದ.