ಸೋಮವಾರದ ಉಳುಮೆ

ಹೋದ ವರ್ಷ ನಮ್ಮಪ್ಪ ಹುಲ್ಲಿನ ಮೆದೆ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಂಡಿಯಿಂದ ಪಾದದವರೆಗೂ ಪ್ಲಾಸ್ಟರ್ ಹಾಕಿದ ಡಾಕ್ಟರು, ಮೂಳೆ ಕೂಡುವ ತನಕ ನೆಲಕ್ಕೆ ಕಾಲೂರಲೇಬೇಡಿ ಎಂದು ಹೇಳಿ ಕಳಿಸಿದರು. ಹಂಪಾಪುರದ ಹತ್ತಿರದ ನಮ್ಮೂರಿನಲ್ಲಿ ಹಗಲುಹೊತ್ತು ಮಂಚದ ಮೇಲೆ ಬಿದ್ದಿರುವ ಗಂಡಸೆಂದರೆ ಒಂದೋ ಜ್ವರ ಬಂದವನು, ಇಲ್ಲ ಸೋಂಬೇರಿ. ಅಪ್ಪ ಎರಡೂ ಅಲ್ಲ. ಹಾಗಾಗಿ ಸಾರಿಗೆ ಉಪ್ಪು ಜಾಸ್ತಿ, ಫ್ಯಾನಿಗೆ ಸದ್ದು ಜಾಸ್ತಿ, ಕೋಳಿಗೆ ಕೊಬ್ಬು ಜಾಸ್ತಿ ಎಂದು ಕಂಡಕಂಡದ್ದರ ಮೇಲೆಲ್ಲ ರೇಗತೊಡಗಿದರು.

ನಾನು ಒಂದು ಸಂಜೆ ಎಚ್.ಡಿ. ಕೋಟೆಯ ಕಚೇರಿಯಿಂದ ಬಂದವಳೇ ನನ್ನ ಹಳೆಯ ಫೋನಿಗೆ ಬೇಸಾಯದ ಆಟವೊಂದನ್ನು ಹಾಕಿ ಅವರ ಕೈಗೆ ಕೊಟ್ಟೆ. ಒಂದು ಹೊಲ, ಒಂದು ಜೊತೆ ಎತ್ತು, ಒಂದು ಕೆರೆ, ನಾಲ್ಕು ಕೋಳಿ. ಎತ್ತನ್ನು ಬೆರಳಲ್ಲಿ ಎಳೆದರೆ ಒಂದು ಸಾಲು ಉತ್ತು ಹೋಗುತ್ತದೆ. ಬಿತ್ತಿದರೆ ಬೆಳಿಗ್ಗೆಗೆ ಪೈರು.

"ಇದ್ಯಾವ ಸೀಮೆ ಬೇಸಾಯವ್ವ? ಕಳೆ ಇಲ್ಲ, ಗೊಬ್ರ ಇಲ್ಲ. ರಾಗಿನೂ ಇಲ್ವಲ್ಲ" ಎಂದರು. ಆದರೆ ಫೋನನ್ನು ವಾಪಸ್ ಕೊಡಲಿಲ್ಲ. ಮಾರನೆಯ ದಿನ ಸಾರಿನ ಉಪ್ಪು ಸರಿಹೋಯಿತು.

ಆಟಗಳ ಪದಕದ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಹುಣಸೂರಿನ ಹಾಸ್ಟೆಲಿನಲ್ಲಿದ್ದಾಗ ಕಾರು ಓಡಿಸುವ ಆಟವೊಂದರಲ್ಲಿ ಇದ್ದಬದ್ದ ಪದಕವನ್ನೆಲ್ಲ ಗೆದ್ದಿದ್ದೆ. ಆ ರಸ್ತೆಯ ಪಕ್ಕದಲ್ಲಿ ಸಮುದ್ರವಿತ್ತು ಅನ್ನುವುದು ಎಲ್ಲ ಮುಗಿದ ಮೇಲೆ ಗೆಳತಿ ಆಡುವಾಗ ಕಣ್ಣಿಗೆ ಬಿತ್ತು. ಆದರೂ ಪದಕವೆಂದರೆ ಹಗುರವಾಗಿ ಮಾತಾಡಲು ನನಗೆ ಬಾರದು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಆ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಅಮ್ಮ ಊದುಬತ್ತಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಹೊಗೆ ಸಿಗುತ್ತದೆ. ಅಪ್ಪನಿಗೆ ಮಾತ್ರ ಇಷ್ಟು ವರ್ಷ ಉತ್ತು ಬಿತ್ತಿದ್ದಕ್ಕೆ ಯಾರೂ ಒಂದು ಹಾರ ಹಾಕಿದವರಿಲ್ಲ, ಒಂದು ಕಾಗದ ಕೊಟ್ಟವರಿಲ್ಲ.

ಅದಕ್ಕೇ ಆ ಆಟದ 'ಬಂಗಾರದ ನೇಗಿಲು' ನನ್ನ ತಲೆಗೆ ಹತ್ತಿತು. ಮೀನಿನ ಪದಕ, ಕೋಳಿಯ ಪದಕ ಅಪ್ಪನಿಗೆ ತಾವಾಗಿಯೇ ಬಂದಿದ್ದವು, ಅವರು ನೋಡಿಯೂ ಇರಲಿಲ್ಲ. ದೊಡ್ಡದು ಇದೊಂದೇ. ಒಂದು ದಿನವೂ ತಪ್ಪದೆ ತಿಂಗಳಿಡೀ ಪೂರಾ ಹೊಲ ಉಳಬೇಕು. ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ. ಮನೆಯಲ್ಲೇ ಮಲಗಿರುವ ರೈತನಿಗೆ ಇದೇನು ಮಹಾ ಎಂದುಕೊಂಡೆ.

ಸೋಮವಾರ ಸಂಜೆ ಬಂದು ನೋಡಿದರೆ ಫೋನು ಕಿಟಕಿಯ ಮೇಲೆ ತಣ್ಣಗೆ ಕೂತಿತ್ತು.

"ಇವತ್ತು ಉಳ್ಳಿಲ್ವಾ ಅಪ್ಪ?"

"ಸೋಮಾರ ಕಣವ್ವ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ದಿನ. ಮೈ ತೊಳೆದು, ಮೇವು ಹಾಕಿ, ನೆರಳಿಗೆ ಬಿಡುತ್ತಾರೆ.

"ಅಪ್ಪ, ಅವು ಫೋನಿನ ಎತ್ತು. ಬರೀ ಚಿತ್ರ."

"ಚಿತ್ರ ಅಂತ ಅವಕ್ಕೆ ಗೊತ್ತಾ?"

ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಮುಂದಿನ ಸೋಮವಾರವೂ ಅದೇ ಕತೆ. ಅಪ್ಪನಿಗೊಂದು ಬಂಗಾರದ ನೇಗಿಲು ಸಿಗಲಿ ಎಂದು ನಾನು, ಎತ್ತಿನ ರಜ ಬಿಡುವುದಿಲ್ಲ ಎಂದು ಅವರು.

"ದಿನಾ ಬಂದೋರಿಗೇ ಪದಕ ಅಪ್ಪ. ಕಾಲೇಜಲ್ಲೂ ಹಾಜರಿ ಇಲ್ದೆ ಪರೀಕ್ಷೆಗೆ ಕೂರುಸ್ತಿರ್ಲಿಲ್ಲ."

"ನಿಮ್ ಕಾಲೇಜ್ನೋರು ಭಾನುವಾರ ರಜ ಕೊಡ್ತಿದ್ರು ತಾನೆ? ಈ ಫೋನ್ನೋರು ಅಷ್ಟೂ ಕೊಡಾಕಿಲ್ವಲ್ಲ."

ಮಾತು ಸರಿಯಾಗಿಯೇ ಇತ್ತು. ಆಟ ಕಟ್ಟಿದವರು ಯಾರೋ, ದಿನಾ ಬಾ ಎಂದು ಪದಕದ ಹಗ್ಗ ಹಾಕಿ ಎಳೆಯುತ್ತಿದ್ದರು. ಆಡುವುದು ಹಾಗೆ ಚಾಕರಿಯಾಗುತ್ತದೆ ಅನ್ನುವುದು ಸಮುದ್ರ ನೋಡದೆ ಕಾರು ಓಡಿಸಿದ ನನಗೆ ತಿಳಿಯದ್ದೇನಲ್ಲ. ಆದರೂ ಆಸೆ ಬಿಡಲಿಲ್ಲ.

ಮೂರನೆಯ ಸೋಮವಾರ ಬಾಗಿಲಿಗೆ ಬರುತ್ತಿದ್ದಂತೆ ಕಂಡದ್ದು, ಅಪ್ಪ ಫೋನಿನ ಮೇಲೆ ಬಗ್ಗಿ ಪಟಪಟ ಕುಟ್ಟುತ್ತಿದ್ದಾರೆ. ಪರದೆಯ ತುಂಬ ಕೆಂಪು ಮಣ್ಣು. ಕೊನೆಗೂ ಒಪ್ಪಿದರು ಅಂದುಕೊಂಡೆ. ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಏನೋ ಕಳೆದುಕೊಂಡ ಹಾಗಾಗಿ, ಚಪ್ಪಲಿ ಬಿಡದೆ ಅಲ್ಲೇ ನಿಂತೆ.

ಹತ್ತಿರ ಹೋಗಿ ನೋಡಿದರೆ ಎತ್ತುಗಳು ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು. ಅಪ್ಪ ಆಟದ ಮೂಲೆಯಲ್ಲಿದ್ದ ಗುದ್ದಲಿಯನ್ನು ಹುಡುಕಿ ತೆಗೆದಿದ್ದರು. ಗುದ್ದಲಿಯಲ್ಲಿ ಅಗೆದರೂ ಆಟದ ಲೆಕ್ಕಕ್ಕೆ ಉಳುಮೆಯೇ. ಆದರೆ ಒಂದೊಂದು ಚೌಕಕ್ಕೂ ಬೆರಳು ಸೋಲುವಷ್ಟು ಕುಟ್ಟಬೇಕು. ಹೊಸಬರು ಕಲಿಯಲೆಂದು ಇಟ್ಟಿದ್ದ ಆ ಗುದ್ದಲಿಯನ್ನು ಎತ್ತು ಸಿಕ್ಕ ಮೇಲೆ ಯಾರೂ ಮುಟ್ಟುವುದಿಲ್ಲ.

"ರಜ ಇರದು ಎತ್ತಿಗೆ" ಎಂದರು ಅಪ್ಪ, ತಲೆಯೆತ್ತದೆ. "ನಂಗಲ್ವಲ್ಲ."

ಅರ್ಧ ಹೊಲಕ್ಕೆ ಅವರ ಬೆರಳು ಸೋತಿತು. ಅಮ್ಮ ಸೆರಗಿಗೆ ಕೈಯೊರೆಸಿಕೊಂಡು ಬಂದು ಫೋನು ಕಿತ್ತುಕೊಂಡರು. "ಕೊಡಿ ಇತ್ಲಾಗೆ. ನಾಟಿ ಹಾಕೋ ಕೈ ಇದು." ನಿಜಕ್ಕೂ ಅವರ ಬೆರಳಿನ ಓಟವೇ ಬೇರೆ. ಅಷ್ಟರಲ್ಲಿ, ದಿನಾ ಸಂಜೆ ಅಪ್ಪನ ಕಾಲು ವಿಚಾರಿಸಲು ಬರುವ ಪಕ್ಕದ ಮನೆಯ ಮಾವ ಬಂದರು.

"ಏನ್ಲಾ ಇದು, ಗಂಡ ಹೆಂಡ್ರು ಮಂಚದ ಮೇಲೇ ಹೊಲ ಮಾಡ್ಬುಟ್ರಾ?"

"ಬಾಯಿ ಮುಚ್ಕಂಡು ಒಂದ್ ಸಾಲು ಅಗಿ ಬಾ" ಎಂದರು ಅಪ್ಪ.

ಮಾವ ಕೂತರು, ಅಗೆದರು. ಏಳುವಾಗ ನನ್ನ ಕಡೆ ತಿರುಗಿದರು. "ಮುಯ್ಯಾಳಿಗೆ ಬಂದಿವ್ನಿ ಕಣವ್ವ. ನಾಳೀಕೆ ನನ್ ಫೋನ್ಗೂ ಒಂದ್ ಹೊಲ ಹಾಕ್ಕೊಡು. ನಿಮ್ಮಪ್ಪ ಬಂದು ಅಗೀಲಿ." ನಮ್ಮಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗುವುದು, ಅದನ್ನು ಅವರು ಕೆಲಸದಲ್ಲೇ ತೀರಿಸುವುದು ಹಿಂದಿನಿಂದ ಬಂದ ಪದ್ಧತಿ. ಅದು ಫೋನಿಗೂ ಬಂತು.

ಅಲ್ಲಿಂದ ಸೋಮವಾರವೆಂದರೆ ಮನೆಯಲ್ಲಿ ಕಾಫಿ, ಕಡ್ಲೆಪುರಿ, ಗುದ್ದಲಿ. ನಿಧಾನಕ್ಕೆ ಅಗೆದರೆ "ಕೈಗೆ ಮೆಹಂದಿ ಹಾಕ್ಕಂಡಿದ್ದೀಯಾ" ಎಂದು ಮಾವ ನನ್ನನ್ನು ಹಂಗಿಸುತ್ತಿದ್ದರು. ಡಿಗ್ರಿ ಓದಿದ ಬೆರಳೇ ಎಲ್ಲರಿಗಿಂತ ಹಿಂದೆ.

ಒಂದು ಗುರುವಾರ ಫೋನು ತುತ್ತೂರಿ ಊದಿತು. ಪರದೆಯ ನಡುವೆ ಬಂಗಾರದ ನೇಗಿಲು ಗಿರಗಿರ ತಿರುಗಿತು. ನನ್ನ ಸರ್ಟಿಫಿಕೇಟು ಕೈಗೆ ಬಂದ ದಿನ ಅಪ್ಪ ಹೇಗೆ ಎದೆಯುಬ್ಬಿಸಿ ನಿಂತಿದ್ದರೋ ಹಾಗೆ ನಾನೀಗ ನಿಂತಿದ್ದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೇಗ್ಲು ಚೆನ್ನಾಗದೆ. ಎತ್ತೆಲ್ಲಿ?"

"ಪದಕದಲ್ಲಿ ನೇಗಿಲು ಮಾತ್ರ ಅಪ್ಪ."

"ಒಂಟಿ ನೇಗ್ಲು ಏನ್ ಉತ್ತದು" ಎಂದು ನಕ್ಕರು. ಆದರೂ ಅಮ್ಮನನ್ನು ಕರೆದು ತೋರಿಸಿದರು. ಮಾವನಿಗೆ ಎರಡು ಸಲ ತೋರಿಸಿದರು.

ಪದಕ ಬಂದಾಯಿತು, ಸೋಮವಾರ ಇನ್ನು ಗುದ್ದಲಿ ಹಿಡಿಯುವ ಅಗತ್ಯವಿಲ್ಲ. ಹಾಗೆಂದುಕೊಂಡೇ ಮುಂದಿನ ಸೋಮವಾರ ಬಸ್ಸಿಳಿದು ಮನೆಗೆ ಬಂದೆ. ಬೀದಿಗೇ ಕೇಳುವಂತೆ ಮೂವರೂ ಜಗಳವಾಡುತ್ತಿದ್ದರು.

"ಹೋದ್ವಾರ ಮೊದಲ್ನೇ ಸಾಲು ನೀನೇ ಅಗ್ದಿದ್ದು ಕಣ್ಲಾ" ಎನ್ನುತ್ತಿದ್ದರು ಮಾವ. "ಈ ವಾರ ನಂದು. ಕೊಡು ಗುದ್ಲಿಯ."