ಬಂದವರಿಗೆಂದು ಇಟ್ಟ ನೀರು

ಫಿಲ್ಟರ್ ಕಾಕಾ ಅವರ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ತಂಬಾಕಿನ ಕಲೆಯಲ್ಲ, ಆ ಚಟ ಅವರಿಗಿರಲಿಲ್ಲ. ಹುಟ್ಟೂರಿನ ಬೋರಿನ ಫ್ಲೋರೈಡ್ ನೀರು ಚಿಕ್ಕಂದಿನಲ್ಲೇ ಎಳೆದಿಟ್ಟ ಗೆರೆಗಳವು. ನೀರಿನ ಮಷಿನ್ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಅವರು ಭಾಷಣ ಮಾಡುತ್ತಿರಲಿಲ್ಲ. ಬೆರಳಿನಿಂದ ಮೇಲಿನ ತುಟಿ ಎತ್ತಿ, "ಇಲ್ಲಿ ನೋಡ್ರಿ, ಸರ್ಟಿಫಿಕೇಟ್" ಎನ್ನುತ್ತಿದ್ದರು. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ಅವರೂ ನಗುತ್ತಿದ್ದರು.

ಅವರ ಅಂಗಡಿ ಸಿಂದಗಿಯ ಒಂದು ಓಣಿಯಲ್ಲಿತ್ತು. ಅಂಗಡಿ ಎನ್ನುವುದೇ ದೊಡ್ಡ ಮಾತು. ಒಂದು ಬಾಗಿಲು, ಒಂದು ಸ್ಟೂಲು, ಗೋಡೆ ತುಂಬ ಪೈಪು. ಗಿರಾಕಿ ಬಂದು "ಛಲೋ ಮಷಿನ್ ಯಾವುದೈತ್ರಿ?" ಅಂದರೆ ನೆಟ್ಟಗೆ ಉತ್ತರ ಬರುತ್ತಿರಲಿಲ್ಲ. "ಮಷಿನ್ ಆಮ್ಯಾಲ. ಮೊದಲ ನಿಮ್ಮನಿ ನೀರ ತಗೊಂಡ ಬರ್ರಿ." ಬಾಟಲಿ ತಂದರೆ ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಅದ್ದಿ ಉಪ್ಪಿನಂಶ ನೋಡುವರು. ಬೋರಿನ ನೀರಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುವರು. ಹೊಳೆ ನೀರಿನ ನಳ ಇದ್ದ ಮಾಸ್ತರರೊಬ್ಬರನ್ನು, "ಆ ದೊಡ್ಡ ಮಷಿನ್ ನಿಮಗ ಯಾತಕ್ಕ ಬೇಕ್ರಿ? ಸಾದಾ ಕ್ಯಾಂಡಲ್ ಫಿಲ್ಟರ್ ಇಡ್ರಿ, ಮಳಿಗಾಲದಾಗ ಕುದಿಸಿ ಕುಡೀರಿ" ಎಂದು ಬರಿಗೈಯಲ್ಲಿ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಈ ಮನುಷ್ಯ ವ್ಯಾಪಾರ ಮಾಡಿದಂತೆಯೇ ಸರಿ ಎಂದು ಅಪ್ಪ ನಕ್ಕಿದ್ದ.

ಕನ್ನೊಳ್ಳಿಯ ನಮ್ಮ ಮನೆಯದು ಬೋರಿನ ನೀರು. ಪರೀಕ್ಷೆಯ ಚೀಟಿ ನೋಡಿ ಕಾಕಾ ತಾವೇ ಬಂದು ಮಷಿನ್ ಕೂಡಿಸಿದರು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದಳು. ನಾನಾಗ ಬಿ.ಎಡ್. ಮುಗಿಸಿ ಮನೆಯಲ್ಲಿದ್ದೆ. ಕಾಕಾ ನನ್ನನ್ನು ಕರೆದು ಮುಂದೆ ನಿಲ್ಲಿಸಿಕೊಂಡರು.

"ತಂಗಿ, ನೀ ಸಾಲಿ ಕಲತಾಕಿ, ನಿನಗ ಹೇಳಿ ಹೋಗ್ತೇನಿ. ದಿನಾ ಇದರ ನೀರನ ಕುಡೀಬೇಕು. ನಿಂತ ನೀರ ಕೆಡತೈತಿ. ಎರಡ ದಿನ ಬಳಸಲಿಲ್ಲಂದ್ರ ಟ್ಯಾಂಕ್ ಖಾಲಿ ಮಾಡಿ ತೊಳಿ. ಈ ಬಿಳಿ ಕ್ಯಾಂಡಲ್ ಕೆಂಪಗ ಆತಂದ್ರ ನನಗ ಫೋನ್ ಹಚ್ಚು."

"ಹೂನ್ರಿ ಕಾಕಾ" ಎಂದೆ. ಹೂಂ ಅನ್ನಲಿಕ್ಕೆ ಏನು ಖರ್ಚು?

ನಮ್ಮ ಕಡೆ ಮನೆಯಲ್ಲಿ ಛಲೋ ಇದ್ದದ್ದೆಲ್ಲ ಬಂದವರಿಗೆ. ಹೊಸ ಚಾದರ ಬಂದವರಿಗೆ, ಗಾಜಿನ ಗ್ಲಾಸು ಬಂದವರಿಗೆ, ಕೆನೆ ಮೊಸರು ಬಂದವರಿಗೆ. ಅವ್ವ ಮಷಿನ್ನನ್ನೂ ಅದೇ ಸಾಲಿಗೆ ಸೇರಿಸಿದಳು. ಕಸೂತಿ ಹಾಕಿದ ಹೊದಿಕೆ ಹೊಲಿದು ಅದರ ಮೇಲೆ ಇಳಿಬಿಟ್ಟಳು. ಯಾರಾದರೂ ಗ್ಲಾಸು ಹಿಡಿದು ಹತ್ತಿರ ಹೋದರೆ, "ಏ, ಅದು ಬಂದವರ ನೀರ, ಮುಟ್ಟಬ್ಯಾಡ್ರಿ!" ಎಂದು ಗದರುತ್ತಿದ್ದಳು. ಹೀಗಾಗಿ ನಮ್ಮ ಹಲ್ಲು, ಎಲುಬು ಉಳಿಯಲೆಂದು ತಂದ ಮಷಿನ್ ಮೂಲೆಯಲ್ಲಿ ಮದುಮಗಳ ಹಾಗೆ ನಿಂತಿತ್ತು, ನಾವು ಅದೇ ಬೋರಿನ ನೀರನ್ನು ಕೊಡದಿಂದ ತೋಡಿ ಕುಡಿಯುತ್ತಿದ್ದೆವು. ಕಾಕಾ ಹೇಳಿದ್ದೆಲ್ಲ ನನಗೆ ನೆನಪಿತ್ತು. ಅವ್ವನ ಜೊತೆ ವಾದಿಸುವ ಬೇಸರಕ್ಕೆ ಸುಮ್ಮನಿದ್ದೆ. ಟ್ಯಾಂಕನ್ನೂ ತೊಳೆಯಲಿಲ್ಲ.

ಎರಡು ತಿಂಗಳಿಗೆ ನಾಲತವಾಡದಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಇಬ್ಬರು ಹಿರಿಯರು. ಹುಡುಗ ಮೊದಲ ನೋಟಕ್ಕೇ ನನ್ನ ಮನಸ್ಸಿಗೆ ಬಂದಿದ್ದ; ಈಗ ಅದನ್ನು ಮುಚ್ಚಿಡುವುದೇನು? ಗ್ಲಾಸಿಗೆ ನೀರು ತುಂಬುವಾಗ ಏನೋ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಆದರೆ ಸೀರೆಯ ನೆರಿಗೆ ಸರಿಯಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ನಾನು ಹಾಗೇ ಒಯ್ದು ಕೊಟ್ಟೆ.

ಮೂರನೆಯ ದಿನ ಸಂಬಂಧ ತಂದಿದ್ದ ಮಧ್ಯಸ್ಥರು ಬಂದರು. ನಾಲ್ಕೂ ಜನಕ್ಕೆ ವಾಂತಿ, ಭೇದಿ. ಒಬ್ಬ ಹಿರಿಯರಿಗೆ ಸಲೈನ್ ಹಚ್ಚಿದ್ದರಂತೆ. "ಸ್ವಚ್ಛ ಇಲ್ಲದ ಮನಿ ಹೆಣ್ಣ ಬ್ಯಾಡ ಅನ್ನಾಕತ್ತಾರ್ರಿ" ಎಂದರು. ಅದೇ ಊಟ ಉಂಡ ನಮಗೆ ಏನೂ ಆಗಿರಲಿಲ್ಲ, ಅಂದಮೇಲೆ ನೀರಿನದೇ ತಪ್ಪು ಎಂದು ಅಪ್ಪ ಕಾಕಾಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ.

ಕಾಕಾ ತಾಸಿನೊಳಗೆ ಬಂದರು. ಹೊದಿಕೆ ತೆಗೆದು, ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿದರು. ಬೆರಳಿಗೆ ಲೋಳೆ ಹತ್ತಿತು. ಕೈಯಲ್ಲಿದ್ದ ಕಸೂತಿ ಹೊದಿಕೆಯನ್ನು ನೋಡಿದರು, ಆಮೇಲೆ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ತಪ್ಪ ನಂದೈತ್ರಿ ಅಣ್ಣಾರ" ಎಂದರು ಕಾಕಾ. "ಮಷಿನ್ ಕೂಡಿಸಿದೆ, ಹೆಂಗ ಬಳಸೂದಂತ ಹೇಳೂದ ಮರತೆ. ಅವತ್ತ ಗಡಿಬಿಡಿ ಇತ್ತು."

ಅಪ್ಪ ಮತ್ತೊಂದು ಸುತ್ತು ಬೈದ. ನಾನು ಬಾಗಿಲ ಹಿಂದೆ ಇನ್ನಷ್ಟು ಸರಿದು ನಿಂತೆ. ಎಲ್ಲ ಕೇಳಿಸಿಕೊಂಡು ಕಾಕಾ ಒಂದೇ ಮಾತು ಕೇಳಿದರು: "ನಾಲತವಾಡದಾಗ ಯಾರ ಮನಿರಿ?"

ಅದೇ ಬಿಸಿಲಲ್ಲಿ ಮೋಟಾರ್ ಸೈಕಲ್ ಹತ್ತಿ ಅಷ್ಟು ದೂರ ಹೋದರು. ಅಲ್ಲಿ ಪಡಸಾಲೆಯಲ್ಲಿ ನಿಂತು ಹೇಳಿದ್ದನ್ನು ಮಧ್ಯಸ್ಥರು ಆಮೇಲೆ ನಮಗೆ ತಿಳಿಸಿದರು. "ಅವರು ತಾವು ಕೊಡದ ನೀರ ಕುಡದು, ಇದನ್ನ ನಿಮಗಂತ ಕಾದಿಟ್ಟಿದ್ರು. ನಿಂತ ನೀರ ಕೆಡತೈತಂತ ನಾ ಹೇಳಿರಲಿಲ್ಲ. ಬೈಯೂದಿದ್ರ ನನಗ ಬೈರಿ." ಹುಡುಗನ ತಾಯಿ ಎದ್ದು ಅವರನ್ನು ಅಡುಗೆಮನೆಗೆ ಕರೆದೊಯ್ದರಂತೆ. ಅಲ್ಲಿಯೂ ಒಂದು ಮಷಿನ್, ಅದರ ಮೇಲೂ ಒಂದು ಹೊದಿಕೆ! ಎಂಟು ದಿನಕ್ಕೆ ನನ್ನ ಮದುವೆ ಗಟ್ಟಿಯಾಯಿತು.

ಆದರೆ ಕಾಕಾ ಅವರ ಮಷಿನ್ ನೀರು ಕುಡಿದು ಮಂದಿ ಹಾಸಿಗೆ ಹಿಡಿದರು ಎಂಬ ಸುದ್ದಿ ಸಿಂದಗಿ ತುಂಬ ಹಬ್ಬಿತು. ಒಂದು ವರ್ಷ ಅವರ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ತವರಿಗೆ ಬಂದಾಗ ಒಮ್ಮೆ ಹೋಗಿ ಅವರ ಮುಂದೆ ಅತ್ತುಬಿಟ್ಟೆ. "ಕಾಕಾ, ನಾ ಎಲ್ಲರಿಗೂ ಖರೇ ಹೇಳ್ತೇನಿ."

"ಹೇಳಿ ಏನ್ ಮಾಡ್ತಿ? ನಿಮ್ಮಪ್ಪ ನಿಮ್ಮವ್ವಗ ಬೈತಾನ, ನಿಮ್ಮವ್ವ ನಿನಗ ಬೈತಾಳ, ಅಷ್ಟ. ಮಂದಿ ನೀರ ಬಿಟ್ಟ ಎಲ್ಲಿ ಹೋಗ್ತಾರ, ತಿರುಗಿ ಬರ್ತಾರ. ನೀ ಅಳೂದ ಬಿಟ್ಟು ಅಲ್ಲಿ ಗಂಡನ ಮನ್ಯಾಗ ಟ್ಯಾಂಕ್ ಆದ್ರೂ ತೊಳ್ಯಾಕತ್ತಿಯೋ ಇಲ್ಲೋ, ಅದನ್ನ ಹೇಳು."

ಮಂದಿ ನಿಧಾನಕ್ಕೆ ತಿರುಗಿ ಬಂದರು. ನಾನು ಮಾತ್ರ ಖರೇ ಹೇಳಲಿಲ್ಲ. ಮೊದಲು ಅವರು ಬೇಡ ಅಂದರೆಂದು, ಆಮೇಲೆ ನನ್ನದೇ ಅಂಜಿಕೆಗೆ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನ ಅತ್ತೆಯ ಮುಂದೆ ಕುಳಿತೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅತ್ತಿ, ಅವತ್ತ ಕಾಕಾ ಇಲ್ಲಿ ಬಂದು ಹೇಳಿದ್ದು ಖರೇ ಅಲ್ಲ. ಅವರು ನನಗ ಎಲ್ಲಾ ಹೇಳಿಕೊಟ್ಟಿದ್ರು. ನಾನ ಮಾಡಲಿಲ್ಲ."

ಅತ್ತೆ ಕೈ ನಿಲ್ಲಿಸಲಿಲ್ಲ. "ಗೊತ್ತೈತಿ. ಅವತ್ತ ಅಷ್ಟ ಬೈಸಿಕೊಂಡ ಮ್ಯಾಲೂ, ಇದನ್ನ ಹಿಂಗ ತೊಳೀರಿ, ಅದನ್ನ ಹಂಗ ನೋಡ್ರಿ ಅಂತ ಒಂದ ತಾಸು ನನ್ನ ತಲಿ ತಿಂದ ಮನಶ್ಯಾ ನಿಮ್ಮನ್ಯಾಗ ಹೇಳೂದ ಮರೀತಾನೇನು?"

"ಹಂಗಾರ ಯಾಕ ಒಪ್ಪಿದ್ರಿ?"

"ತನ್ನ ದಂಧೆ ಹಾಳ ಮಾಡಿಕೊಂಡು, ಪರರ ಮಗಳ ಸಲುವಾಗಿ ಇಷ್ಟ ದೂರ ಬಂದು ಸುಳ್ಳ ಹೇಳಾಕತ್ತಾರಂದ್ರ, ಆ ಹುಡುಗಿ ಭಾಳ ಛಲೋ ಇರಬೇಕು ಅಂತ ಮಾಡಿದೆ."

ಅಷ್ಟು ಛಲೋ ನಾನಿರಲಿಲ್ಲ. ಕಾಕಾಗೆ ಅದು ಗೊತ್ತಿತ್ತು, ಗೊತ್ತಿದ್ದೂ ಹೋಗಿದ್ದರು.