ಏರಿನಲ್ಲಿ ಅಳೆದ ಮಿಸ್ತ್ರಿ

ಅವರ ಅಂಗಿಯ ಮುಂಭಾಗದಲ್ಲಿ, ಹೊಟ್ಟೆಯ ಮಟ್ಟಕ್ಕೆ ಸರಿಯಾಗಿ, ಯಾವಾಗಲೂ ಸಾಸಿವೆ ಕಾಳಿನಷ್ಟು ತೂತುಗಳಿರುತ್ತಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಆದದ್ದು. ಹೊಸ ಅಂಗಿ ಹಾಕಿದರೂ ವಾರದೊಳಗೆ ಅದೇ ಗತಿ. ಹೆಂಡತಿ ಬೈದರೆ "ಗಾಳಿ ಆಡ್ತದೆ ಬಿಡೆ" ಎನ್ನುತ್ತಿದ್ದರಂತೆ. ಮನೆ ಕರ್ಕಿ, ಹೊನ್ನಾವರದ ಪೇಟೆಯಲ್ಲಿ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ, ಬ್ಯಾಟರಿಗಳನ್ನೂ ನೋಡುವ ಪುಟ್ಟ ಅಂಗಡಿ. ಊರಿಗೆಲ್ಲ ಅವರು ವೈಂಡಿಂಗ್ ಮಿಸ್ತ್ರಿ. ನಾನೂ ಹಾಗೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಅಂಗಡಿಯಲ್ಲಿ ರಿಪೇರಿಗೆ ಬಂದ ಮೋಟರುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು: ಬಾಡ ಊರ ಬಾವಿ, ಸೇತುವೆ ಹತ್ರದ ಹೋಟ್ಲು, ದೊಡ್ಡ ಹಲಸಿನಮರ. ಮಾಲೀಕರ ಹೆಸರು ಮಾತ್ರ ಎಲ್ಲೂ ಇಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒಂದೇ ಹೆಸ್ರು ಹತ್ತು ಮಂದಿಗೆ ಇರ್ತದೆ ಅಕ್ಕೋರೆ, ಬಾವಿ ಹಾಂಗಲ್ಲ" ಎಂದಿದ್ದರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. ನಾನು ಪೇಟೆಯ ಹೊರಗೆ ಗುಡ್ಡದ ಮೇಲಿರುವ ಹೈಸ್ಕೂಲಿನ ವಿಜ್ಞಾನದ ಅಕ್ಕೋರು.

ಈ ಗುಡ್ಡವೇ ನನ್ನ ಕತೆ. ಸ್ಕೂಟರಿನಿಂದ ಬಿದ್ದು ನನ್ನ ಎಡಮಂಡಿ ಪುಡಿಯಾದ ಮೇಲೆ ಸಪಾಟು ನೆಲದಲ್ಲಿ ಕೋಲೂರಿ ನಡೆದೇನು, ಏರು ಮಾತ್ರ ಆಗದು. ಕೆಳಗಿನ ಗೇಟಿನಿಂದ ಶಾಲೆಗೆ ಎರಡು ಕಡಿದಾದ ತಿರುವುಗಳ ಸಿಮೆಂಟು ದಾರಿ. ಪುಣ್ಯಾತ್ಮ ಆಟೋದವನೊಬ್ಬ ಹತ್ತಿಸಲು ಒಪ್ಪಿದ್ದ. ಮೊದಲ ತಿರುವಿನಲ್ಲೇ ಮೂರು ಚಕ್ರದಲ್ಲಿ ಒಂದು ಮೇಲೆದ್ದಿತು. ಬೇಡಪ್ಪಾ ಎಂದು ನಾನೇ ಕೈಮುಗಿದೆ. ಆಗ ಸಮುದ್ರದ ದಂಡೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಹಳೆಯ ವಿದ್ಯಾರ್ಥಿನಿ, ಅಲ್ಲಿ ಮೂಲೆಗೆ ಬಿದ್ದಿದ್ದ ಬ್ಯಾಟರಿಯಲ್ಲಿ ಓಡುವ ಗೋಲ್ಫ್ ಗಾಡಿಯನ್ನು ಶಾಲೆಗೆ ಕೊಡಿಸಿದಳು. ಗೋಲ್ಫ್ ಆಟವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಗಾಡಿಯೂ ಆಟ ಮರೆತು ಅಕ್ಕೋರನ್ನು ಹೊರುವುದಕ್ಕೆ ಒಗ್ಗಿಕೊಂಡಿತು.

ಎರಡು ವರ್ಷ ಚೆನ್ನಾಗಿ ಹೊತ್ತಿತು. ಆಮೇಲೆ ಏರಿನಲ್ಲಿ ಏದುಸಿರು ಬಿಡತೊಡಗಿತು. ಎರಡನೆಯ ತಿರುವಿಗೆ ಬರುವಷ್ಟರಲ್ಲಿ ಇರುವೆಯೂ ಹಿಂದೆ ಹಾಕುವಷ್ಟು ನಿಧಾನ. ಒಬ್ಬ ರಿಪೇರಿಯವನು ಬಂದು ನಿಂತ ಗಾಡಿಯ ಬ್ಯಾಟರಿಗಳಿಗೆ ಮೀಟರ್ ಹಿಡಿದು, ಎಲ್ಲ ಸರಿ ಇವೆ, ಮೋಟರೇ ಹೋಗಿದೆ ಎಂದ. ಇನ್ನೊಬ್ಬ, ಮೋಟರ್ ಸರಿ ಇದೆ, ಆರು ಬ್ಯಾಟರಿಯನ್ನೂ ಬದಲಿಸಬೇಕು ಎಂದ. ಇಬ್ಬರೂ ನನ್ನನ್ನು ಇಳಿಸಿ, ಖಾಲಿ ಗಾಡಿಯನ್ನು ಏರಿಗೆ ಓಡಿಸಿದರು. ಖಾಲಿ ಗಾಡಿ ಗುಣುಗುಣು ಎಂದು ಹತ್ತಿತು. ಇಬ್ಬರೂ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ನಾನು ದಪ್ಪಗಿದ್ದೇನೆ, ಸುಳ್ಳಲ್ಲ. ಆದರೆ ಗಾಡಿಯ ರೋಗವೇ ನಾನೆಂದು ಅಂದು ತೋರಿತಲ್ಲ, ಅದು ಚುಚ್ಚಿತು.

ಅಂದಿನಿಂದ ಎರಡನೆಯ ತಿರುವಿನಲ್ಲಿ ಇಳಿಯತೊಡಗಿದೆ. ಶಿಪಾಯಿ ಬಂದು ನನ್ನ ಚೀಲ, ಮಕ್ಕಳ ನೋಟುಪಟ್ಟಿಗಳ ಸಮೇತ ಗಾಡಿ ನಡೆಸುವುದು, ನಾನು ಪಕ್ಕದಲ್ಲಿ ಹಲ್ಲುಕಚ್ಚಿ ಕೋಲೂರುವುದು. ತಿಂಗಳೊಳಗೆ ಮಂಡಿ ಮತ್ತೆ ಊದಿತು. ಗಾಡಿಯನ್ನು ಗುಜರಿಗೆ ಹಾಕುವ ಮಾತು ಶಾಲೆಯ ಕಮಿಟಿಯಲ್ಲಿ ಬಂತು. ಗಾಡಿ ಹೋದರೆ ನಾನೂ ಹೋದಂತೆಯೇ. ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಪಾಠ ಮಾಡುವುದೊಂದು ಬಿಟ್ಟರೆ ನನಗೆ ಬೇರೆ ಖುಷಿ ಇಲ್ಲ. ಆದರೂ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಕೊಡಲು ಮಾತ್ರ ಕೈ ಏಳಲಿಲ್ಲ.

ಆ ವಾರವೇ ಶಾಲೆಯ ಬಾವಿಯ ಪಂಪು ನೋಡಲು ಮಿಸ್ತ್ರಿ ಬಂದಿದ್ದರು. ನಾನು ಗಾಡಿಯ ಪಕ್ಕದಲ್ಲಿ ಕುಂಟುತ್ತ ಬರುವುದನ್ನು ಮೇಲಿನಿಂದ ಕಂಡು ಇಳಿದುಬಂದರು.

"ಎಂತ ಅಕ್ಕೋರೆ ಇದು? ಗಾಡಿ ಮೇಲೆ ಚೀಲ ಕೂತದೆ, ನೀವು ನಡೀತಾ ಇದ್ರಿ!"

ಹೇಳಿದೆ. ಅವರು ಮೊದಲಿಗೆ ಮೀಟರ್ ತೆಗೆಯಲೇ ಇಲ್ಲ. ಗಾಡಿಯನ್ನು ಅಂಗಳದ ಸಪಾಟಿಗೆ ತರಿಸಿ, ಒಂದೇ ಕೈಯಿಂದ ದೂಡಿದರು. ಸಲೀಸಾಗಿ ಉರುಳಿತು. "ಬ್ರೇಕ್ ಹಿಡದದ್ದಲ್ಲ." ಟೈರುಗಳನ್ನು ಹೆಬ್ಬೆರಳಿಂದ ಒತ್ತಿದರು. "ಗಾಳಿನೂ ಅದೆ." ಗೇಟಿನ ತನಕ ನನ್ನನ್ನು ಕೂರಿಸಿಕೊಂಡು ಹೋಗಿ, ಸೀಟೆತ್ತಿ, ಒಂದು ಬ್ಯಾಟರಿಗೆ ಮೀಟರಿನ ವಯರುಗಳನ್ನು ಕಚ್ಚಿಸಿ ಹೊರಕ್ಕೆಳೆದು ಸೀಟು ಮುಚ್ಚಿದರು. ನಾನು ರೂಢಿಯಂತೆ ದೂರ ಸರಿದು ನಿಂತಿದ್ದೆ.

"ಎಂತಕ್ಕೆ ಅಲ್ಲಿ ನಿಂತ್ರಿ?"

"ಭಾರ ಆಗ್ತದಲ್ಲ ಅಂತ."

ಮಿಸ್ತ್ರಿಗೆ ಸಿಟ್ಟೇ ಬಂತು. "ಭಾರ ಇಲ್ದೆ ಎಂತ ನೋಡೂದು? ಖಾಲಿ ಗಾಡಿ ಸುಳ್ಳು ಹೇಳ್ತದೆ. ಕೂತ್ಕಣಿ. ನೀವು ಇಳದ್ರೆ ರೋಗ ಅಡಗಿ ಕೂತ್ಕಣ್ತದೆ."

ಕೂತೆ. ಯಾರಾದರೂ ನನ್ನ ಭಾರವನ್ನು ಬೇಕು ಎಂದು ಕೇಳಿದ್ದು ಅದೇ ಮೊದಲು. ನಾನು ಗಾಡಿ ನಡೆಸಿದೆ, ಅವರು ಮೀಟರ್ ಹಿಡಿದು ಪಕ್ಕದಲ್ಲಿ ನಡೆದರು. ಆರು ಬ್ಯಾಟರಿಗೆ ಆರು ಸಲ. ಪ್ರತಿ ಸಲವೂ ಕೆಳಗಿನಿಂದ ಮೇಲಕ್ಕೆ. ಮೂರನೆಯ ಸಲಕ್ಕೆ ಕಿಟಕಿಗಳಲ್ಲಿ ಮಕ್ಕಳ ತಲೆಗಳು. ಎಪ್ಪತ್ತರ ಹತ್ತಿರದ ಮನುಷ್ಯ ಬೆವರು ಸುರಿಸುತ್ತ ಹತ್ತುವುದನ್ನು ಕಂಡು ನನಗೆ ನಾಚಿಕೆಯಾಯಿತು. ನೀವು ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ ಎಂದೆ.

"ನಂಗೆ ಕಾಲದೆ, ನಡೀತೆ. ನಿಮ್ಗೆ ಗಾಡಿ ಅದೆ, ನೀವು ಕೂತ್ಕಣಿ."

ನನ್ನ ಕಾಲಿನ ಬಗ್ಗೆ ಮರುಕದ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಬ್ರೇಕು ಒತ್ತುವುದು ಯಾವ ಕಾಲಿಂದ ಎಂದಷ್ಟೇ ಕೇಳಿದ್ದರು.

ಏರಿನಲ್ಲಿ ಆರೂ ಬ್ಯಾಟರಿಗಳ ವೋಲ್ಟು ಒಂದೇ ಸಮ ಸ್ವಲ್ಪ ಸ್ವಲ್ಪ ಇಳಿಯಿತು, ಯಾವುದೂ ಸೋಲಲಿಲ್ಲ. ಕಡೆಯ ಸಲ ಮೇಲೆ ಮುಟ್ಟಿದ್ದೇ ಸೀಟೆತ್ತಿಸಿ, ಬ್ಯಾಟರಿಯಿಂದ ಬ್ಯಾಟರಿಗೆ ಹೋಗುವ ದಪ್ಪ ಕೇಬಲ್ಲುಗಳನ್ನು ಒಂದೊಂದಾಗಿ ಕೈಯ ಹಿಂಬದಿಯಿಂದ ಮುಟ್ಟುತ್ತ ಹೋದರು, ಮಗುವಿನ ಜ್ವರ ನೋಡುವ ಹಾಗೆ. ಮೂರನೆಯದಕ್ಕೆ ಕೈ ಥಟ್ಟನೆ ಹಿಂದೆ ಬಂತು.

"ಸಿಕ್ತು ಅಕ್ಕೋರೆ. ಮುಟ್ಟಿ ಕಾಂಬ, ಹುಷಾರಿ."

ಬಾಣಲೆಯಷ್ಟು ಬಿಸಿ. ಬಿಚ್ಚಿ ಸಿಗಿದರು. ಮೇಲಿನ ಕಪ್ಪು ರಬ್ಬರು ಹೊಸದರಂತೆ ಮಿರಿಮಿರಿ. ಒಳಗೆ ಉಪ್ಪುಗಾಳಿ ತಿಂದ ತಾಮ್ರ ಹಸಿರು ಪುಡಿ. ನಾಲ್ಕೈದು ಎಳೆಗಳಷ್ಟೇ ಉಳಿದಿದ್ದವು. ಖಾಲಿ ಗಾಡಿಗೆ ಅಷ್ಟು ಎಳೆ ಸಾಕಾಗಿತ್ತು, ನನ್ನನ್ನು ಹೊತ್ತು ಏರಲು ಸಾಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ವಿದ್ಯುತ್ ರೋಧ ಎಂದರೇನೆಂದು ಬರೆದ ನನಗೆ ಅದು ಸೀಟಿನ ಕೆಳಗೇ ಕೂತದ್ದು ತಿಳಿದಿರಲಿಲ್ಲ.

"ಒಂದು ಕಾಗದ ಇದ್ರೆ ಕೊಡಿ, ಈ ಪುಡಿ ಮಕ್ಕಳಿಗೆ ತೋರ್ಸುಕೆ ಆತು" ಎಂದರು. ಚೀಲಕ್ಕೆ ಕೈಹಾಕಿದಾಗ ಮೊದಲು ಸಿಕ್ಕಿದ್ದು ಆ ಅರ್ಜಿ. ಒಂದು ಕ್ಷಣ ಹಿಡಿದುಕೊಂಡು, ಕೊಟ್ಟೆ. ಅವರು ಓದಲಿಲ್ಲ. ಪುಡಿಯನ್ನು ಅದರಲ್ಲಿ ಸುರಿದು, ಪ್ರಸಾದದ ಪೊಟ್ಟಣ ಕಟ್ಟುವ ಹಾಗೆ ಮಡಚಿ ನನ್ನ ಕೈಗಿಟ್ಟರು.

ಮರುದಿನ ಬೋಟಿಗೆ ಹಾಕುವ ಕೇಬಲ್ ತಂದರು. ತಾಮ್ರಕ್ಕೆ ಪಾತ್ರೆಯಂತೆ ಕಲಾಯಿ ಹಾಕಿದ್ದರಿಂದ ಅದಕ್ಕೆ ಉಪ್ಪಿನ ಹೆದರಿಕೆ ಇಲ್ಲವಂತೆ. ಆರೂ ಬ್ಯಾಟರಿಗಳಿಗೆ ಅದನ್ನೇ ಹಾಕಿ, ಈ ಸಲ ಹಿಂದಿನ ಸೀಟಿನಲ್ಲಿ ತಾವೂ ಕೂತು, "ಹೊಡೀರಿ" ಎಂದರು. ನಾನು, ಚೀಲ, ಪಟ್ಟಿಗಳು, ಮಿಸ್ತ್ರಿ, ಅವರ ಹತಾರದ ಪೆಟ್ಟಿಗೆ. ಗಾಡಿ ಎರಡನೆಯ ತಿರುವನ್ನು ನಿಲ್ಲದೆ ದಾಟಿತು. ಬಾಗಿಲ ಮುಂದೆ ನಿಲ್ಲಿಸಿದವಳು ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ. ಮಿಸ್ತ್ರಿ ಕಾಣದವರಂತೆ ಇಳಿದು, "ಆತು, ಈಗ ಚಾ ಕುಡಿವ" ಎಂದು ಒಳಗೆ ಹೋದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮನೆಯಲ್ಲೇ, ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ಕರ್ಕಿಗೆ ಹೋಗಿ ಬಂದೆ. ಹಗ್ಗದ ಮೇಲೆ ಒಗೆದು ಹಾಕಿದ್ದ ತೂತಿನ ಅಂಗಿ ಕಂಡು ದುಃಖ ತಡೆಯಲಾಗಲಿಲ್ಲ. ಹಸಿರು ಪುಡಿಯ ಪೊಟ್ಟಣ ಇಂದಿಗೂ ನನ್ನ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಪ್ರತಿ ವರ್ಷ ಹತ್ತನೆಯವರಿಗೆ ಬಿಚ್ಚಿ ತೋರಿಸುತ್ತೇನೆ, ಕಾಗದದಲ್ಲಿ ಏನು ಬರೆದಿದೆ ಎಂದು ಮಾತ್ರ ಹೇಳುವುದಿಲ್ಲ.

ಮೊನ್ನೆ ಗಾಡಿ ಮತ್ತೆ ಸ್ವಲ್ಪ ಎಳೆದಾಡಿತು. ಭಟ್ಕಳದಿಂದ ಹೊಸ ರಿಪೇರಿಯವನೊಬ್ಬ ಬಂದ. ಕೈಯಲ್ಲಿ ಒಳ್ಳೆಯ ಮೀಟರು, ಮಾತೂ ಮರ್ಯಾದೆಯದು.

"ಮೇಡಂ, ಸ್ವಲ್ಪ ಇಳೀರಿ. ಖಾಲಿ ಗಾಡಿ ಒಂದ್ಸಲ ಓಡ್ಸಿ ನೋಡ್ತೆ."

ನನ್ನ ಕಾಲು ತನ್ನಷ್ಟಕ್ಕೆ ಇಳಿಯಲು ಹೊರಟಿತ್ತು. ಹಿಂದಕ್ಕೆಳೆದುಕೊಂಡೆ.

"ಇಳಿಯೂದಿಲ್ಲ ತಮ್ಮಾ" ಎಂದೆ. "ನಾ ಕೂತಿರ್ತೆ, ನೀನು ಮೀಟರ್ ಹಿಡಕಂಡು ಪಕ್ಕದಲ್ಲಿ ನಡಿ."